ಮಾನೊಕ್ರೊಮೇಟರ್ ಎಂಬ ಜರಡಿ

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಜಾಗದಲ್ಲಿ ವಿವರಣೆ ಸೇರಿಸಿದೆ.)

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಾನೊಕ್ರೊಮೇಟರ್ ಎಂದರೆ ಎಲೆಕ್ಟ್ರಾನುಗಳನ್ನೆಲ್ಲ ಒಂದೇ ಶಕ್ತಿಗೆ ತಂದು ನಿಲ್ಲಿಸುವ ಯಂತ್ರವಲ್ಲ. ಅದೊಂದು ಜರಡಿ. ಗನ್ನಿನಿಂದ, ಅಂದರೆ ಎಲೆಕ್ಟ್ರಾನುಗಳ ಮೂಲದಿಂದ, ಹೊರಟವುಗಳಲ್ಲಿ ಬೇಕಾದ ಶಕ್ತಿಯವು ಸ್ಲಿಟ್ಟಿನ ಸಂದಿಯಲ್ಲಿ ತೂರುತ್ತವೆ, ಮಿಕ್ಕವು ಅದರ ಅಂಚಿಗೆ ಬಡಿದು ಅಲ್ಲೇ ಮುಗಿಯುತ್ತವೆ. ಹಾಗಾಗಿ ಇಲ್ಲಿ ಸಿಗುವ ಪ್ರತಿ ಮಿಲಿ ಇವಿ (ಇವಿ ಎಂದರೆ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಸ್ಪಷ್ಟತೆಗೂ ಬೀಮಿನ ಕರೆಂಟಿನಲ್ಲಿ ಬೆಲೆ ತೆರಬೇಕು. ಎಷ್ಟು ಎಸೆಯಬೇಕು, ಎಸೆದ ಮೇಲೂ ರೋಹಿತದ ಶಿಖರ ಯಾಕೆ ಕಿರಿದಾಗಲಿಲ್ಲ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಮಾತು ಇರುತ್ತದೆ.

ಈಲ್ಸ್ (ಎಲೆಕ್ಟ್ರಾನ್ ಶಕ್ತಿನಷ್ಟದ ರೋಹಿತದರ್ಶನ) ಗೊತ್ತಿಲ್ಲದವರಿಗೆ ಒಂದೆರಡು ಮಾತು. ತೆಳುವಾದ ಮಾದರಿಯೊಂದನ್ನು 60 ಅಥವಾ 200 ಕಿಲೋವೋಲ್ಟಿನ ಎಲೆಕ್ಟ್ರಾನುಗಳು ಹಾದುಹೋಗುತ್ತವೆ. ಬಹುಪಾಲು ಏನನ್ನೂ ಕಳೆದುಕೊಳ್ಳದೆ ಹೊರಬರುತ್ತವೆ. ಕೆಲವು ಮಾತ್ರ ಮಾದರಿಗೆ ಸ್ವಲ್ಪ ಶಕ್ತಿ ಕೊಟ್ಟು ಬರುತ್ತವೆ. ಕಾಂತ ಪ್ರಿಸಮ್ಮಿನಲ್ಲಿ ಇವನ್ನು ಶಕ್ತಿಗೆ ತಕ್ಕಂತೆ ಹರಡಿದರೆ ಶಕ್ತಿನಷ್ಟದ ರೋಹಿತ ಸಿಗುತ್ತದೆ. ಏನನ್ನೂ ಕಳೆದುಕೊಳ್ಳದವುಗಳ ರಾಶಿ ಸೊನ್ನೆಯ ಬಳಿ ಎತ್ತರದ ಶಿಖರವಾಗಿ ನಿಲ್ಲುತ್ತದೆ. ಲ್ಯಾಬಿನ ಮಾತಿನಲ್ಲಿ ಅದು ಜೀರೊ-ಲಾಸ್ ಪೀಕ್. ಆ ಶಿಖರದ ಅರ್ಧ ಎತ್ತರದಲ್ಲಿನ ಅಗಲವೇ ನಮ್ಮ ಶಕ್ತಿ ರೆಸಲ್ಯೂಷನ್. ಅಗಲ 0.7 ಇವಿ ಇದ್ದರೆ 0.17 ಇವಿ ಬಳಿಯ ಪರಮಾಣು ಕಂಪನದ ಸಂಕೇತ ಆ ಶಿಖರದ ಹೊಟ್ಟೆಯೊಳಗೇ ಹೂತುಹೋಗುತ್ತದೆ.

ಅಗಲ ಎಲ್ಲಿಂದ ಬರುತ್ತದೆ

ಗನ್ನಿನ ಬಿಸಿ ತುದಿಯಿಂದ (ಟಿಪ್) ಹೊರಬೀಳುವ ಎಲೆಕ್ಟ್ರಾನುಗಳ ಶಕ್ತಿಯ ಹರವು ಉಷ್ಣತೆಗೆ ತಕ್ಕಂತೆ ಇರುತ್ತದೆ, ಹೆಚ್ಚುಕಡಿಮೆ 2.45 ಕೆಟಿ (ಕೆ ಬೋಲ್ಟ್ಸ್‌ಮನ್ ಸ್ಥಿರಾಂಕ, ಟಿ ಉಷ್ಣತೆ). ಸುಮಾರು 1800 ಕೆಲ್ವಿನ್‌ನಲ್ಲಿ ಕೆಲಸ ಮಾಡುವ ಶಾಟ್ಕಿ ಎಂಬ ಬಗೆಯ ಟಿಪ್ಪಿಗೆ ಈ ಲೆಕ್ಕದಲ್ಲಿ 0.4 ಇವಿಗಿಂತ ಕಡಿಮೆ ಬರಬೇಕು. ಅಳೆದರೆ ಸಿಗುವುದು 0.6ರಿಂದ 0.8. ಟಂಗ್‌ಸ್ಟನ್ ತಂತಿಗೆ 0.6ರ ಆಸುಪಾಸು ಬರಬೇಕಾದಲ್ಲಿ 2, 3 ಇವಿ ಕೂಡ ಬರುತ್ತದೆ. ಮಿಕ್ಕ ಅಗಲಕ್ಕೆ ಮುಖ್ಯ ಕಾರಣ ಎಲೆಕ್ಟ್ರಾನುಗಳ ತಳ್ಳಾಟ. ಒಂದೇ ಬಿಂದುವಿಗೆ ಒತ್ತೊತ್ತಾಗಿ ಬಂದಾಗ ಅವು ಪರಸ್ಪರ ವಿಕರ್ಷಿಸುತ್ತವೆ. ಮುಂದಿದ್ದವು ಮುಂದಕ್ಕೆ, ಹಿಂದಿದ್ದವು ಹಿಂದಕ್ಕೆ ತಳ್ಳಿಸಿಕೊಳ್ಳುತ್ತವೆ. 1954ರಲ್ಲಿ ಇದನ್ನು ಗುರುತಿಸಿದವರು ಹಾನ್ಸ್ ಬೋರ್ಷ್. ಅದಕ್ಕೇ ಬೋರ್ಷ್ ಪರಿಣಾಮ ಎಂಬ ಹೆಸರು. ಕೋಲ್ಡ್ ಫೀಲ್ಡ್ ಎಮಿಶನ್ ಗನ್ನಿನ ಟಿಪ್ ಕೋಣೆಯ ಉಷ್ಣತೆಯಲ್ಲಿರುತ್ತದೆ, ಅಲ್ಲಿ ಅಗಲ 0.3 ಇವಿ ಹತ್ತಿರ.

ಟಿಪ್ಪಿನದು ಒಂದು ಪಾಲು ಮಾತ್ರ. ಎಲೆಕ್ಟ್ರಾನುಗಳಿಗೆ ವೇಗ ಕೊಡುವ ವೋಲ್ಟೇಜ್, ಅಂದರೆ ಹೈ ಟೆನ್ಶನ್, ಅಲುಗಾಡುತ್ತದೆ, ರೋಹಿತಮಾಪಕದ ಪ್ರಿಸಮ್ಮಿಗೆ ತನ್ನದೇ ದೋಷಗಳಿವೆ, ಹೊರಗಿನ ಕಾಂತಕ್ಷೇತ್ರ ನುಸುಳುತ್ತದೆ, ಡಿಟೆಕ್ಟರ್ ಒಂದು ಚುಕ್ಕೆಯನ್ನು ಅಕ್ಕಪಕ್ಕದ ಪಿಕ್ಸೆಲ್ಲುಗಳಿಗೂ ಹಂಚುತ್ತದೆ. ಇವೆಲ್ಲ ಸ್ಥೂಲವಾಗಿ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದಂತೆ ಸೇರುತ್ತವೆ. ಮೂಲದ್ದು 7 ಮಿಲಿ ಇವಿ, ರೋಹಿತಮಾಪಕದ್ದು 5, ಹೈ ಟೆನ್ಶನ್‌ದು 4, ಡಿಟೆಕ್ಟರಿನದು 3 ಎಂದಿಟ್ಟುಕೊಳ್ಳಿ. ಒಟ್ಟು 10. ಈಗ ಸ್ಲಿಟ್ ಕಿರಿದು ಮಾಡಿ ಮೂಲದ 7 ಅನ್ನು 3.5ಕ್ಕೆ ಇಳಿಸಿದರೆ ಒಟ್ಟು ಸುಮಾರು 8 ಆಗುತ್ತದೆ, 5 ಅಲ್ಲ. ಅರ್ಧ ಕರೆಂಟ್ ಕಳೆದುಕೊಂಡು 2 ಮಿಲಿ ಇವಿ ಗಳಿಸಿದಂತಾಯಿತು. ಸ್ಲಿಟ್ಟಿಗೆ ಕೈಹಾಕುವ ಮೊದಲು ಈ ನಾಲ್ಕರಲ್ಲಿ ದೊಡ್ಡದು ಯಾವುದೆಂದು ನೋಡಬೇಕು ಅನ್ನುವುದು ಇದಕ್ಕೇ.

ಸ್ಥಿರತೆಯ ಪ್ರಮಾಣ ಎಷ್ಟೆಂಬುದು ಒಂದು ಲೆಕ್ಕದಿಂದ ಗೊತ್ತಾಗುತ್ತದೆ. 60 ಕಿಲೋವೋಲ್ಟಿನಲ್ಲಿ ದಶಲಕ್ಷಕ್ಕೆ ಒಂದು ಪಾಲು ಎಂದರೆ 60 ಮಿಲಿ ಇವಿ. 10 ಮಿಲಿ ಇವಿ ಬೇಕಾದರೆ 60 ಲಕ್ಷದಲ್ಲಿ ಒಂದು ಪಾಲಿನಷ್ಟೂ ಅಲುಗಾಡಬಾರದು. 200 ಕಿಲೋವೋಲ್ಟಿಗೆ ಹೋದರೆ ಅದೇ 10 ಮಿಲಿ ಇವಿಗೆ 2 ಕೋಟಿಯಲ್ಲಿ ಒಂದು. ಹೆಚ್ಚಿನ ರೆಸಲ್ಯೂಷನ್ನಿನ ಕೆಲಸ 60, 30 ಕಿಲೋವೋಲ್ಟಿನಲ್ಲೇ ಯಾಕೆ ನಡೆಯುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಜರಡಿಯ ಬಗೆಗಳು

ಅತ್ಯಂತ ಹಳೆಯದು ವೀನ್ ಫಿಲ್ಟರ್. ವಿದ್ಯುತ್ ಕ್ಷೇತ್ರ ಒಂದು ದಿಕ್ಕಿಗೆ, ಅದಕ್ಕೆ ಲಂಬವಾಗಿ ಕಾಂತಕ್ಷೇತ್ರ, ಎರಡಕ್ಕೂ ಲಂಬವಾಗಿ ಬೀಮು. ವಿದ್ಯುತ್ ಕ್ಷೇತ್ರವು ವೇಗ ಮತ್ತು ಕಾಂತಕ್ಷೇತ್ರಗಳ ಗುಣಲಬ್ಧಕ್ಕೆ ಸಮವಾದರೆ ಎಲೆಕ್ಟ್ರಾನ್ ನೇರ ಹೋಗುತ್ತದೆ. ವೇಗ ಹೆಚ್ಚಿದ್ದುದು ಒಂದು ಕಡೆಗೆ, ಕಡಿಮೆಯಿದ್ದುದು ಇನ್ನೊಂದು ಕಡೆಗೆ ವಾಲುತ್ತದೆ. 1000 ಇವಿ ಎಲೆಕ್ಟ್ರಾನಿಗೆ 1 ಮಿಲಿಟೆಸ್ಲಾ ಕಾಂತಕ್ಷೇತ್ರವಿದ್ದರೆ ಪ್ರತಿ ಮಿಲಿಮೀಟರಿಗೆ ಸುಮಾರು 19 ವೋಲ್ಟ್ ವಿದ್ಯುತ್ ಕ್ಷೇತ್ರ ಸಾಕು. ಆ ಶಕ್ತಿಯಲ್ಲಿ 1 ಇವಿ ವ್ಯತ್ಯಾಸವೆಂದರೆ ವೇಗದಲ್ಲಿ ಶೇಕಡ 0.05ರ ವ್ಯತ್ಯಾಸ. 60 ಕಿಲೋ ಇವಿಯಲ್ಲಿ ಅದೇ 1 ಇವಿಯಿಂದ ಶೇಕಡ 0.001ರಷ್ಟೂ ವ್ಯತ್ಯಾಸ ಆಗುವುದಿಲ್ಲ. ಎಲೆಕ್ಟ್ರಾನ್ ನಿಧಾನವಾಗಿದ್ದಷ್ಟೂ ಬೇರ್ಪಡಿಸುವುದು ಸುಲಭ. ಆದ್ದರಿಂದ ವೀನ್ ಫಿಲ್ಟರನ್ನು ಗನ್ನಿನೊಳಗೇ, ವೇಗವರ್ಧಕಕ್ಕೂ ಮೊದಲೇ ಕೂರಿಸುತ್ತಾರೆ. ನಿಧಾನವಾದಾಗ ತಳ್ಳಾಟವೂ ಜೋರಾಗುತ್ತದೆ ಅನ್ನುವುದು ಇದರ ತೊಡಕು. ಫಿಲ್ಟರಿನೊಳಕ್ಕೆ ಹೆಚ್ಚು ಕರೆಂಟ್ ಬಿಟ್ಟರೆ ಅದು ಕೊಡಬೇಕಾದ ರೆಸಲ್ಯೂಷನ್ನನ್ನು ಬೋರ್ಷ್ ಪರಿಣಾಮ ತಿಂದುಹಾಕುತ್ತದೆ. ಮೊದಲೇ ಒಂದು ಅಪರ್ಚರ್ (ಕಿರುರಂಧ್ರದ ತಡೆ) ಹಾಕಿ ಕರೆಂಟ್ ಇಳಿಸುವುದು ಅನಿವಾರ್ಯ.

ಒಂದೇ ವೀನ್ ಫಿಲ್ಟರಿದ್ದರೆ ಬೀಮಿನಲ್ಲಿ ಹರಡುವಿಕೆ ಉಳಿದುಕೊಳ್ಳುತ್ತದೆ, ಮೂಲಬಿಂದು ಒಂದು ದಿಕ್ಕಿಗೆ ಸ್ವಲ್ಪ ಎಳೆದಂತೆ ಕಾಣುತ್ತದೆ. ಎರಡು ಫಿಲ್ಟರುಗಳ ನಡುವೆ ಸ್ಲಿಟ್ ಇಟ್ಟು, ಮೊದಲನೆಯದು ಹರಡಿದ್ದನ್ನು ಎರಡನೆಯದು ಮತ್ತೆ ಕೂಡಿಸುವಂತೆ ಮಾಡಿದರೆ ಬಿಂದು ದುಂಡಗೇ ಇರುತ್ತದೆ. ಜಿಯೋಲ್ ಕಂಪನಿಯದು ಈ ಜೋಡಿ ವಿನ್ಯಾಸ. ಜರ್ಮನಿಯ ದಾರಿ ಬೇರೆ. ಕಾಂತಕ್ಷೇತ್ರವೇ ಇಲ್ಲದೆ ಬಾಗಿದ ವಿದ್ಯುದ್ವಾರಗಳಿಂದ ಬೀಮನ್ನು ಗ್ರೀಕಿನ ಒಮೆಗಾ ಅಕ್ಷರದ ಆಕಾರದಲ್ಲಿ ತಿರುಗಿಸಿ, ನಟ್ಟನಡುವಿನ ಸಮಮಿತಿಯ ತಲದಲ್ಲಿ ಸ್ಲಿಟ್ ಇಡುವುದು. ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸೆಸಾಮ್ ಸೂಕ್ಷ್ಮದರ್ಶಕದಲ್ಲಿ ಇರುವುದು ಇದೇ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಜಾಣತನದ ವಿನ್ಯಾಸ ಒಂಡ್ರೇ ಕ್ರಿವಾನೆಕ್ ಮತ್ತು ಅವರ ನಿಯಾನ್ ಕಂಪನಿಯದು. ಅವರು ಫಿಲ್ಟರನ್ನು ಗನ್ನಿನಲ್ಲಿಡದೆ ವೇಗವರ್ಧಕದ ನಂತರ, ಭೂವಿಭವದಲ್ಲಿ (ಸೊನ್ನೆ ವೋಲ್ಟಿನಲ್ಲಿ) ಇಟ್ಟರು. ಮೇಲ್ನೋಟಕ್ಕೆ ಇದು ಹುಚ್ಚುತನ. ವೇಗದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುವುದು ಕಷ್ಟ ಎಂದು ಈಗಷ್ಟೇ ಹೇಳಿದೆವಲ್ಲ? ಆ ಕಷ್ಟವನ್ನು ಮೂರು ಕಾಂತ ಪ್ರಿಸಮ್ಮುಗಳು ಮತ್ತು ಹರಡುವಿಕೆಯನ್ನು ಹಿಗ್ಗಿಸುವ ಬಹುಧ್ರುವ ಲೆನ್ಸುಗಳು ನೀಗಿಸುತ್ತವೆ. ಬದಲಿಗೆ ಸಿಗುವ ಲಾಭ ದೊಡ್ಡದು. ಹೈ ಟೆನ್ಶನ್ ಒಂದಿಷ್ಟು ಏರಿದರೆ ಬೀಮಿಡೀ ಸ್ಲಿಟ್ಟಿನ ಒಂದು ಅಂಚಿನ ಕಡೆ ಸರಿಯುತ್ತದೆ. ಎರಡು ಅಂಚುಗಳ ಮೇಲೆ ಬೀಳುವ ಕರೆಂಟನ್ನು ಹೋಲಿಸಿ ಹೈ ಟೆನ್ಶನ್ನನ್ನು ಆಗಿಂದಾಗಲೇ ತಿದ್ದಬಹುದು. ಸ್ಲಿಟ್ ದಾಟಿದ ಎಲೆಕ್ಟ್ರಾನಿನ ಶಕ್ತಿಯನ್ನು ನಿರ್ಧರಿಸುವುದು ಪ್ರಿಸಮ್ಮಿನ ಕರೆಂಟೇ ಹೊರತು ಹೈ ಟೆನ್ಶನ್ ಅಲ್ಲ. ಇನ್ನು ಆ ಪ್ರಿಸಮ್ಮಿನ ಕರೆಂಟೇ ಅಲುಗಾಡಿದರೆ? ಮಾನೊಕ್ರೊಮೇಟರಿನ ಸುರುಳಿಗಳನ್ನೂ ಕೆಳಗಿರುವ ರೋಹಿತಮಾಪಕದ ಸುರುಳಿಗಳನ್ನೂ ಒಂದೇ ಸರಣಿಯಲ್ಲಿ ಜೋಡಿಸಿದ್ದಾರೆ. ಮೇಲೆ ಆಯ್ಕೆಯಾಗುವ ಶಕ್ತಿ ಎಷ್ಟು ಸರಿಯಿತೋ ಕೆಳಗೆ ಅಳೆಯುವ ಕೋಲೂ ಅಷ್ಟೇ ಸರಿಯುತ್ತದೆ, ಶಿಖರ ನಿಂತಲ್ಲೇ ನಿಲ್ಲುತ್ತದೆ. ಗನ್ನಿನೊಳಗಿನ ಫಿಲ್ಟರಿಗೆ ಈ ಅನುಕೂಲವಿಲ್ಲ. ಅದು ಆರಿಸಿದ ಮೇಲೆ ಎಲೆಕ್ಟ್ರಾನು ವೇಗವರ್ಧಕವನ್ನು ಹಾಯಬೇಕು, ಅಲ್ಲಿನ ಅಲುಗಾಟವೆಲ್ಲ ಹಾಗೇ ರೋಹಿತದಲ್ಲಿ ಮೂಡುತ್ತದೆ.

ಮಿಲಿ ಇವಿ ಮಟ್ಟದ ಕಂಪನ ನೋಡುವುದೇ ಹೊಸದೇನಲ್ಲ. 1960ರ ದಶಕದಲ್ಲೇ ಬೋರ್ಷ್, ಗೈಗರ್, ಸ್ಟಿಕೆಲ್ ಬರ್ಲಿನ್‌ನಲ್ಲಿ ವೀನ್ ಫಿಲ್ಟರುಗಳಿಂದ 25 ಕಿಲೋ ಇವಿ ಎಲೆಕ್ಟ್ರಾನ್ ಬಳಸಿ ಲಿಥಿಯಂ ಫ್ಲೋರೈಡಿನ ಜಾಲಕ ಕಂಪನವನ್ನು ಅಳೆದಿದ್ದರು. ಆದರೆ ಅವರದು ಸೂಕ್ಷ್ಮದರ್ಶಕವಾಗಿರಲಿಲ್ಲ, ಬೀಮು ಅಗಲವಾಗಿತ್ತು. ನ್ಯಾನೋಮೀಟರ್ ಬಿಂದುವಿನೊಂದಿಗೆ ಅದೇ ಕೆಲಸ 2014ರಲ್ಲಿ ಕ್ರಿವಾನೆಕ್ ಮತ್ತು ಸಂಗಡಿಗರಿಂದ ಆಯಿತು, ಸುಮಾರು 10 ಮಿಲಿ ಇವಿ ರೆಸಲ್ಯೂಷನ್ನಿನಲ್ಲಿ. 2020ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯ ಸೂಪರ್‌ಸ್ಟೆಮ್ ಪ್ರಯೋಗಾಲಯದಲ್ಲಿ ಗ್ರಾಫೀನಿನಲ್ಲಿ ಕುಳಿತ ಒಂದೇ ಒಂದು ಸಿಲಿಕಾನ್ ಪರಮಾಣುವಿನ ಕಂಪನವನ್ನು ಹಿಡಿದರು.

ಬೆಲೆಯ ಲೆಕ್ಕ

0.3 ಇವಿ ಅಗಲದ ಬೀಮಿನಿಂದ 10 ಮಿಲಿ ಇವಿ ಅಗಲದ ಪಟ್ಟಿ ಕತ್ತರಿಸಿಕೊಂಡರೆ ಉಳಿಯುವುದು ಸುಮಾರು ಶೇಕಡ 3. 100 ಪಿಕೊಆಂಪಿಯರ್ ಇದ್ದುದು 3 ಆಗುತ್ತದೆ, ಅಂದರೆ ಸೆಕೆಂಡಿಗೆ 1.9 ಕೋಟಿ ಎಲೆಕ್ಟ್ರಾನು. ಕಂಪನವನ್ನು ಎಬ್ಬಿಸುವುದು ಅದರಲ್ಲೂ ಅತಿ ಸಣ್ಣ ಪಾಲು. ಶಾಟ್ಕಿಯ 0.7 ಇವಿಯಿಂದ 0.1 ಇವಿಗೆ ಇಳಿಯುವುದಾದರೆ ಶೇಕಡ 13 ಉಳಿಯುತ್ತದೆ. ಟೈಟಾನಿಯಂ, ಕಬ್ಬಿಣಗಳ ಎಲ್ ಅಂಚಿನ (ಒಳಕವಚದ ಎಲೆಕ್ಟ್ರಾನನ್ನು ಹೊರಹಾಕುವ ಶಕ್ತಿಯ ಬಳಿ ರೋಹಿತದಲ್ಲಿ ಕಾಣುವ ಏರಿಕೆ) ಒಳರಚನೆ ನೋಡುವವರಿಗೆ ಈ 0.1 ಧಾರಾಳವಾಯಿತು. ಎಲೆಕ್ಟ್ರಾನು ಹೊರಬಿದ್ದು ಒಳಕವಚದಲ್ಲಿ ಉಳಿದ ರಂಧ್ರದ ಆಯುಷ್ಯ ಅತ್ಯಲ್ಪವಾದ್ದರಿಂದ ಆ ಅಂಚುಗಳಿಗೆ ನಿಸರ್ಗವೇ 0.1, 0.2 ಇವಿ ಅಗಲ ಕೊಟ್ಟಿರುತ್ತದೆ. ಅಲ್ಲಿ 10 ಮಿಲಿ ಇವಿ ಹಾಕಿದರೆ ಕರೆಂಟ್ ಹಾಳು, ಹೊಸದೇನೂ ಕಾಣದು. ಯಂತ್ರ ಕೊಡುವ ಅತ್ಯುತ್ತಮ ಸಂಖ್ಯೆಯಲ್ಲೇ ದಿನವಿಡೀ ಕೆಲಸ ಮಾಡುವುದು ಬಹಳ ಲ್ಯಾಬುಗಳಲ್ಲಿ ಕಾಣುವ ಚಾಳಿ.

ಹೊಂದಿಸುವ ಕ್ರಮ

ವೀನ್ ಬಗೆಯದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದಿನ ರಾತ್ರಿಯೇ ಬೇಕಾದ ಹೈ ಟೆನ್ಶನ್‌ಗೆ ತಂದು ಬಿಡಬೇಕು. ಬೆಳಿಗ್ಗೆ ವೋಲ್ಟೇಜ್ ಬದಲಿಸಿ ಹತ್ತು ಗಂಟೆಗೆ ಸ್ಥಿರ ಶಿಖರ ಕೇಳಿದರೆ ಸಿಗುವುದಿಲ್ಲ. ಮೊದಲು ಸ್ಲಿಟ್ ಹೊರಗಿಟ್ಟು ಇಡೀ ಕಾಲಮ್ಮನ್ನು (ಲೆನ್ಸುಗಳ ಸಾಲನ್ನು) ಸಾಮಾನ್ಯ ಬೀಮಿಗೆ ಸರಿಪಡಿಸಿ. ಆಮೇಲೆ ಫಿಲ್ಟರಿನ ಕ್ಷೇತ್ರವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಬೀಮನ್ನು ನಡುವಿಗೆ ತನ್ನಿ. ಒಂದೇ ಸಲ ಏರಿಸಿದರೆ ಬೀಮು ಎಲ್ಲಿ ಹೋಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಸ್ಲಿಟ್ಟಿನ ತಲದಲ್ಲಿ ಬೀಮು ಗೆರೆಯಾಗಿ ಎಳೆದಂತೆ ಕಾಣುತ್ತದೆ. ಗೆರೆಯ ಉದ್ದವೇ ಶಕ್ತಿಯ ಹರವು. ಬೀಮಿನ ಆಕಾರ ತಿದ್ದುವ ಸ್ಟಿಗ್ಮೇಟರಿನಿಂದ ಗೆರೆಯನ್ನು ಆದಷ್ಟು ತೆಳ್ಳಗೆ ಮಾಡಿ, ಸ್ಲಿಟ್ ಆ ಗೆರೆಗೆ ಸರಿಯಾಗಿ ಅಡ್ಡ ಕೂರುವಂತೆ ನೋಡಿಕೊಳ್ಳಿ. ಓರೆ ಕೂತರೆ ಸ್ಲಿಟ್ ಎಷ್ಟು ಕಿರಿದಾಗಿಸಿದರೂ ರೆಸಲ್ಯೂಷನ್ ಒಂದು ಹಂತದಲ್ಲಿ ನಿಂತುಬಿಡುತ್ತದೆ. ಸ್ಲಿಟ್ ಒಳಗೆ ತಂದು ಗೆರೆಯ ಅತಿ ಹೊಳೆಯುವ ಭಾಗದ ಮೇಲಿಡಿ. ಕರೆಂಟ್ ಗರಿಷ್ಠವಾದ ಜಾಗವೇ ವಿತರಣೆಯ ನೆತ್ತಿ.

ಇಷ್ಟಾದ ಮೇಲೆ ರೋಹಿತಮಾಪಕ. ಡಿಸ್ಪರ್ಷನ್, ಅಂದರೆ ಒಂದು ಚಾನೆಲ್ಲಿಗೆ ಎಷ್ಟು ಶಕ್ತಿ ಎಂಬುದನ್ನು, ಸರಿಯಾಗಿ ಆರಿಸಬೇಕು: 10 ಮಿಲಿ ಇವಿ ಶಿಖರಕ್ಕೆ ಕನಿಷ್ಠ ಐದು ಚಾನೆಲ್ ಬೇಕೆಂದರೆ ಚಾನೆಲ್ಲಿಗೆ 2 ಮಿಲಿ ಇವಿ. ಹಾಗಾದರೆ 2048 ಚಾನೆಲ್ಲುಗಳಲ್ಲಿ 4 ಇವಿ ಮಾತ್ರ ಕಾಣುತ್ತದೆ. ಕಂಪನವನ್ನೂ 20 ಇವಿಯ ಪ್ಲಾಸ್ಮಾನನ್ನೂ (ಎಲೆಕ್ಟ್ರಾನುಗಳ ಸಾಮೂಹಿಕ ತೊನೆದಾಟ) ಒಂದೇ ಚೌಕಟ್ಟಿನಲ್ಲಿ ಕೇಳಬೇಡಿ. ಮಾಪನಾಂಕ ನಿರ್ಣಯಕ್ಕೆ ರೋಹಿತಮಾಪಕದ ಡ್ರಿಫ್ಟ್ ಟ್ಯೂಬಿಗೆ (ಬೀಮು ಹಾಯುವ ಕೊಳವೆ) ಗೊತ್ತಿರುವ 1 ವೋಲ್ಟ್ ಕೊಟ್ಟು ಶಿಖರ ಎಷ್ಟು ಚಾನೆಲ್ ಸರಿಯಿತು ಎಂದು ನೋಡಿ.

ಶಿಖರ ಕುಣಿದಾಗ

ಪರದೆಯ ಮೇಲಿನ ಎರಡು ಚಿತ್ರಗಳಲ್ಲಿ ಯಂತ್ರ ಅದೇ, ಬೀಮು ಅದೇ. ಒಂದು 1 ಸೆಕೆಂಡಿನ ಎಕ್ಸ್‌ಪೋಷರ್, ಇನ್ನೊಂದು 1 ಮಿಲಿಸೆಕೆಂಡಿನ ಸಾವಿರ ಎಕ್ಸ್‌ಪೋಷರುಗಳನ್ನು ಒಂದರ ಕೆಳಗೊಂದು ಜೋಡಿಸಿದ್ದು. ಮೊದಲನೆಯದರಲ್ಲಿ ದಪ್ಪ ಶಿಖರ, ನೆತ್ತಿ ಚಪ್ಪಟೆಯಾಗಿ ಎರಡು ಕೊಂಬು ಬಂದಂತಿದೆ. ಎರಡನೆಯದರಲ್ಲಿ ಪ್ರತಿ ಸಾಲಿನ ಶಿಖರವೂ ಚೂಪು, ಆದರೆ ಸಾಲುಗಳು ಹಾವಿನಂತೆ ಎಡಬಲ ಹರಿದಾಡುತ್ತಿವೆ. ಹಾವಿನ ಒಂದು ಸುತ್ತಿಗೆ 20 ಸಾಲು, ಅಂದರೆ 20 ಮಿಲಿಸೆಕೆಂಡು. ನಮ್ಮ 50 ಹರ್ಟ್ಸ್ ಮನೆ ಕರೆಂಟೇ ಇದು. ಕೊಂಬುಗಳಿಗೂ ಕಾರಣ ಇದೇ: ಉಯ್ಯಾಲೆ ಹೆಚ್ಚು ಹೊತ್ತು ಕಳೆಯುವುದು ಎರಡು ತುದಿಗಳಲ್ಲಿ. ಇಲ್ಲಿ ಮಾನೊಕ್ರೊಮೇಟರನ್ನು ಇನ್ನಷ್ಟು ಬಿಗಿ ಮಾಡಿ ಪ್ರಯೋಜನವಿಲ್ಲ. ಪಂಪಿನ ಟ್ರಾನ್ಸ್‌ಫಾರ್ಮರ್, ಪ್ರಿಸಮ್ಮಿನ ಪಕ್ಕ ಹಾದ ಪವರ್ ಕೇಬಲ್, ಎರಡು ಕಡೆ ಅರ್ಥ್ ಆಗಿ ಉಂಟಾದ ಗ್ರೌಂಡ್ ಲೂಪ್, ಇವನ್ನು ಹುಡುಕಬೇಕು. ಉಳಿದದ್ದಕ್ಕೆ ಕ್ಷೇತ್ರ ರದ್ದುಮಾಡುವ ಸುರುಳಿ.

ಹಾವು ನಿಧಾನವಾಗಿ, ನಿಮಿಷಗಟ್ಟಲೆ ಒಂದೇ ಕಡೆ ಸರಿದರೆ ಕೋಣೆಯ ಉಷ್ಣತೆ ಅಥವಾ ಹೈ ಟೆನ್ಶನ್. ಕೆಲವು ಸೆಕೆಂಡುಗಳ ಕಾಲ ಪಕ್ಕಕ್ಕೆ ಸರಿದು ಮರಳಿದರೆ ಕಬ್ಬಿಣದ ದೊಡ್ಡ ವಸ್ತು ಅಥವಾ ನೇರ ವಿದ್ಯುತ್ತು ಎಲ್ಲೋ ಚಲಿಸಿದೆ: ಲಿಫ್ಟ್, ಗಾಡಿ. ಬೆಂಗಳೂರಿನ ಮೆಟ್ರೊ 750 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ಓಡುವುದರಿಂದ ಹಳಿಯ ಹತ್ತಿರದ ಲ್ಯಾಬಿಗೆ ಜಾಗ ಆರಿಸುವವರು ಇದನ್ನು ಮೊದಲೇ ಅಳೆಯಬೇಕು. ಥಟ್ಟನೆ ಹಾರಿ ಅಲ್ಲೇ ನಿಂತರೆ ಎಲ್ಲೋ ಚಾರ್ಜ್ ಕೂತು ಬಿಡುಗಡೆಯಾಗುತ್ತಿದೆ. ಸ್ಲಿಟ್ಟಿನ ಅಂಚಿನ ಕೊಳೆಯ ಮೇಲೆ ಮೊದಲ ಅನುಮಾನ ಪಡಿ; ಸ್ಲಿಟ್ಟಿನ ಹೊಸ ಭಾಗಕ್ಕೆ ಸರಿದು ನೋಡಿದರೆ ಗೊತ್ತಾಗುತ್ತದೆ.

1 ಮಿಲಿಸೆಕೆಂಡಿನ ಸಾಲೇ ದಪ್ಪವಾಗಿದ್ದರೆ ದೋಷ ಅಲುಗಾಟದ್ದಲ್ಲ. ಆಗ ಒಂದೊಂದೇ ಬದಲಿಸಿ ನೋಡಿ. ರೋಹಿತಮಾಪಕದ ಪ್ರವೇಶ ಅಪರ್ಚರ್ 5 ಮಿಲಿಮೀಟರಿನಿಂದ 2.5ಕ್ಕೆ ಇಳಿಸಿದಾಗ ಶಿಖರ ಕಿರಿದಾದರೆ ಪ್ರಿಸಮ್ಮಿನ ಅಪಸರಣ, ಅಂದರೆ ಫೋಕಸ್ ದೋಷ. ಡಿಸ್ಪರ್ಷನ್ ಇನ್ನೂ ನಯವಾಗಿಸಿದಾಗ ಅಗಲ ಮಿಲಿ ಇವಿಯಲ್ಲಿ ಇಳಿದರೆ ಡಿಟೆಕ್ಟರಿನ ಚೆಲ್ಲುವಿಕೆ. ಗನ್ನಿನ ಕರೆಂಟ್ ಇಳಿಸಿದಾಗ ಇಳಿದರೆ ಬೋರ್ಷ್. ಮೂರಕ್ಕೂ ಜಗ್ಗದಿದ್ದರೆ ಆಗ ಸ್ಲಿಟ್ ಕಿರಿದು ಮಾಡಿ.

ಸಾವಿರ ಚೂಪು ಸಾಲುಗಳು ಕೈಯಲ್ಲಿದ್ದರೆ ಅವನ್ನು ಸಾಲುಹೊಂದಿಸಿ ಕೂಡಿಸಬಹುದಲ್ಲ ಎಂದು ಕೇಳಬಹುದು. ಮಾಡಬಹುದು, ಎಲ್ಲರೂ ಮಾಡುತ್ತಾರೆ. ಆದರೆ ಪ್ರತಿ ಸಾಲಿನಲ್ಲೂ ಡಿಟೆಕ್ಟರ್ ಓದುವಾಗಿನ ಗದ್ದಲ ಸೇರುತ್ತದೆ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎಣಿಸುವ ನೇರ ಡಿಟೆಕ್ಟರುಗಳಲ್ಲಿ ಆ ತೊಂದರೆ ಬಹುಮಟ್ಟಿಗೆ ಹೋಗಿದೆ.

ಬಾಲದ ಮಾತು

ಅರ್ಧ ಎತ್ತರದ ಅಗಲ ಮಾತ್ರ ಹೇಳಿ, ಶಿಖರದ ಬುಡದಲ್ಲಿ ಹರಡುವ ಬಾಲದ ಬಗ್ಗೆ ಸುಮ್ಮನಿರುವ ಪ್ರಬಂಧಗಳನ್ನು ಅನುಮಾನದಿಂದಲೇ ಓದಬೇಕು. ಕಂಪನದ ಸಂಕೇತ ಶಿಖರಕ್ಕಿಂತ ಸಾವಿರ ಪಟ್ಟು ಚಿಕ್ಕದಿರಬಹುದು. ಅದು ಕಾಣುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಸಾವಿರದಲ್ಲೊಂದು ಎತ್ತರದಲ್ಲಿ ಶಿಖರ ಎಷ್ಟು ಅಗಲವಿದೆ ಎಂಬುದು. ಕೋಲ್ಡ್ ಗನ್ನಿನ ವಿತರಣೆಗೆ ನಷ್ಟದ ಕಡೆ ಉದ್ದ ಬಾಲವಿರುತ್ತದೆ, ನಮಗೆ ಬೇಕಾದ ಸಂಕೇತಗಳಿರುವುದೂ ಅದೇ ಕಡೆ. ಸ್ಲಿಟ್ ಮಾಡುವ ನಿಜವಾದ ಉಪಕಾರ ಈ ಬಾಲವನ್ನು ಕತ್ತರಿಸುವುದು. ಬ್ಯಾಂಡ್ ಗ್ಯಾಪ್ (ವಸ್ತುವಿನಲ್ಲಿ ಎಲೆಕ್ಟ್ರಾನುಗಳಿಗೆ ಎಡೆಯಿಲ್ಲದ ಶಕ್ತಿಯ ಅಂತರ) ಅಳೆಯುವವರಿಗೆ ಶಿಖರ 0.2 ಇದೆಯೋ 0.1 ಇದೆಯೋ ಎನ್ನುವುದಕ್ಕಿಂತ ಇದೇ ದೊಡ್ಡದು.

ಬ್ಯಾಂಡ್ ಗ್ಯಾಪಿನಲ್ಲಿ ಇನ್ನೊಂದು ಗುಂಡಿ ಇದೆ, ಮಾನೊಕ್ರೊಮೇಟರ್ ಅದನ್ನು ಮುಚ್ಚಲಾರದು. ಮಾದರಿಯೊಳಗಿನ ಬೆಳಕಿನ ವೇಗಕ್ಕಿಂತ ಎಲೆಕ್ಟ್ರಾನ್ ವೇಗವಾಗಿ ಹೋದರೆ ಚೆರೆಂಕೋವ್ ವಿಕಿರಣದಿಂದ ಶಕ್ತಿ ಕಳೆದುಕೊಳ್ಳುತ್ತದೆ, ಗ್ಯಾಪಿನ ಒಳಗೇ ಸುಳ್ಳು ಸಂಕೇತ ಮೂಡುತ್ತದೆ. 300 ಕಿಲೋವೋಲ್ಟಿನಲ್ಲಿ ವಕ್ರೀಭವನಾಂಕ 1.29 ದಾಟಿದರೆ ಸಾಕು. 60 ಕಿಲೋವೋಲ್ಟಿನಲ್ಲಿ ಆ ಮಿತಿ 2.24. ಸಿಲಿಕಾನಿನದು 3.5ರ ಹತ್ತಿರ ಇರುವುದರಿಂದ 22 ಕಿಲೋವೋಲ್ಟಿನ ಕೆಳಗೆ ಇಳಿಯಬೇಕು.

ಪ್ರಶ್ನೋತ್ತರದಿಂದ

ರಾಮನ್ ಮತ್ತು ಇನ್‌ಫ್ರಾರೆಡ್ ರೋಹಿತಗಳು ಇದಕ್ಕಿಂತ ಅಗ್ಗವಾಗಿ, ಇದಕ್ಕಿಂತ ಚೂಪಾಗಿ ಕಂಪನಗಳನ್ನು ಕೊಡುವುದಿಲ್ಲವೇ ಎಂದು ಒಬ್ಬರು ಕೇಳಿದರು. ಕೊಡುತ್ತವೆ. ಇನ್‌ಫ್ರಾರೆಡ್ ಉಪಕರಣದ ಸಾಧಾರಣ 4 ತರಂಗಸಂಖ್ಯೆಯ (ಸೆಂಟಿಮೀಟರಿಗೆ ಎಷ್ಟು ತರಂಗ ಎಂಬ ಅಳತೆ) ರೆಸಲ್ಯೂಷನ್ ಅಂದರೆ 0.5 ಮಿಲಿ ಇವಿ. ಹೆಕ್ಸಾಗೊನಲ್ ಬೋರಾನ್ ನೈಟ್ರೈಡಿನ 173 ಮಿಲಿ ಇವಿ ಶಿಖರ ಸುಮಾರು 1395 ತರಂಗಸಂಖ್ಯೆ. ಪುಡಿಯಿಡೀ ಒಂದೇ ಬಗೆಯದಾಗಿದ್ದರೆ ಅಲ್ಲೇ ಅಳೆಯಿರಿ. ಎಲೆಕ್ಟ್ರಾನ್ ಬೇಕಾಗುವುದು ಒಂದು ಕಣದ ಈ ಮೂಲೆಗೂ ಆ ಮೂಲೆಗೂ ಏನು ವ್ಯತ್ಯಾಸ ಎಂದು ಕೇಳುವಾಗ. ಬೆಳಕಿನ ಚುಕ್ಕೆ ಕಡಿಮೆಯೆಂದರೂ ಅರ್ಧ ಮೈಕ್ರಾನಿನಷ್ಟಿರುತ್ತದೆ, ಎಲೆಕ್ಟ್ರಾನಿನದು ನ್ಯಾನೋಮೀಟರಿಗಿಂತ ಚಿಕ್ಕದು. ಆದರೂ ಬಿಂದು ಚಿಕ್ಕದೆಂದ ಮಾತ್ರಕ್ಕೆ ಸಂಕೇತವೂ ಅಲ್ಲಿಂದಲೇ ಬಂತೆಂದು ತಿಳಿಯಬಾರದು. ಧ್ರುವೀಯ ವಸ್ತುಗಳ ಕಂಪನ ಹತ್ತಾರು ನ್ಯಾನೋಮೀಟರ್ ದೂರದಿಂದಲೂ ಬೀಮಿಗೆ ತಗಲುತ್ತದೆ. ಇದರ ಸದುಪಯೋಗವೂ ಉಂಟು. ಜೈವಿಕ ಮಾದರಿಯನ್ನು ಮುಟ್ಟದೆ, ಪಕ್ಕದ ನಿರ್ವಾತದಲ್ಲಿ ಬೀಮು ನಿಲ್ಲಿಸಿ ಅದರ ಕಂಪನ ಓದಬಹುದು, ಮಾದರಿ ಸುಡುವುದಿಲ್ಲ.

360 ಮಿಲಿ ಇವಿಯಲ್ಲಿ ಪ್ರತಿ ಮಾದರಿಯಲ್ಲೂ ಒಂದು ಶಿಖರ ಬರುತ್ತದೆ, ಏನದು ಎಂಬುದು ಇನ್ನೊಂದು ಪ್ರಶ್ನೆ. ಇಂಗಾಲ-ಹೈಡ್ರೋಜನ್ ಬಂಧದ ಕಂಪನ. ಮಾದರಿಯದಲ್ಲ, ಮೇಲೆ ಕೂತ ಜಿಡ್ಡಿನದು. ರಾತ್ರಿಯಿಡೀ ನಿರ್ವಾತದಲ್ಲಿ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸಿ, ಮಾದರಿ ತಡೆದುಕೊಳ್ಳುವುದಾದರೆ.

ಬರೀ ಚಿತ್ರ ತೆಗೆಯುವವರಿಗೂ ಮಾನೊಕ್ರೊಮೇಟರಿನಿಂದ ಲಾಭವಿದೆಯೇ ಎಂದೂ ಕೇಳಿದರು. ಕಡಿಮೆ ವೋಲ್ಟೇಜಿನಲ್ಲಿ ಇದೆ. ವರ್ಣ ಅಪಸರಣದ ಗುಣಾಂಕ 1.3 ಮಿಲಿಮೀಟರ್ ಇರುವ ಲೆನ್ಸಿನಲ್ಲಿ 60 ಕಿಲೋವೋಲ್ಟಿಗೆ 0.7 ಇವಿ ಹರವು ಫೋಕಸನ್ನು 15 ನ್ಯಾನೋಮೀಟರಿನಷ್ಟು ಮಸುಕು ಮಾಡುತ್ತದೆ. 0.1 ಇವಿಗೆ ಇಳಿಸಿದರೆ ಅದು 2 ನ್ಯಾನೋಮೀಟರ್. 300 ಕಿಲೋವೋಲ್ಟಿನಲ್ಲಿ ಮೊದಲೇ 3 ನ್ಯಾನೋಮೀಟರ್ ಇರುವುದರಿಂದ ಕರೆಂಟ್ ಎಸೆಯಲು ಅಷ್ಟು ಕಾರಣವಿಲ್ಲ. ಕೆಲಸ ಮುಗಿದ ಮೇಲೆ ಫಿಲ್ಟರನ್ನು ಆಫ್ ಮಾಡಬೇಕೇ ಎಂದು ಅವರೇ ಮುಂದುವರಿಸಿ ಕೇಳಿದರು. ಬೇಡ. ಸುರುಳಿ ತಣ್ಣಗಾದರೆ ಮರುದಿನ ಮತ್ತೆ ಬಿಸಿಯಾಗಿ ನೆಲೆ ನಿಲ್ಲುವವರೆಗೆ ಗಂಟೆಗಟ್ಟಲೆ ಶಿಖರ ತೆವಳುತ್ತಿರುತ್ತದೆ. ಕ್ಷೇತ್ರ ಹಾಗೇ ಇರಲಿ, ಸ್ಲಿಟ್ ಮಾತ್ರ ಹೊರಗೆ ಸರಿಸಿ.